ಕರೆಂಟ್ ಟಾರ್ಚ್ ಬ್ಯಾಗಿನಲ್ಲಿ ಇಟ್ಟುಕೊಳ್ಳಬಹುದಾ? ಕಾರವಾರ, ಶಿರಸಿ ಕಡೆಯವರು ಕೇಳುವ ಪ್ರಶ್ನೆಗೆ ಹಂತ ಹಂತದ ಉತ್ತರ

ಜೂನ್ ಬಂತೆಂದರೆ ಈ ಪ್ರಶ್ನೆ ಜಾಸ್ತಿಯಾಗುತ್ತದೆ. ಮಗಳು ಪಿಯುಸಿ ಮುಗಿಸಿ ಧಾರವಾಡಕ್ಕೋ ಮಂಗಳೂರಿಗೋ ಹೊರಟಿರುತ್ತಾಳೆ. "ಆನ್‌ಲೈನಿನಲ್ಲಿ ಶಾಕ್ ಹೊಡೆಯುವ ಟಾರ್ಚ್ ಸಿಗ್ತದೆ, ಒಂದು ತರಿಸಿ ಅವಳ ಬ್ಯಾಗಿನಲ್ಲಿ ಹಾಕಿ ಕಳಿಸಬಹುದಾ?" ಅಂತ ಅಮ್ಮಂದಿರು ಕೇಳುತ್ತಾರೆ. ಬೆಳಗಿನ ಜಾವ ಬೈತಖೋಲ ಬಂದರಿಗೆ ಮೀನು ತರಲು ಬುಟ್ಟಿ ಹೊತ್ತು ಹೋಗುವವರು ಕೇಳುತ್ತಾರೆ. ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್‌ಗಳು ಕೇಳುತ್ತಾರೆ. ಶಿರಸಿ, ಸಿದ್ದಾಪುರದ ಕಡೆ ತೋಟದ ನಡುವೆ ಒಂಟಿ ಮನೆಯಲ್ಲಿರುವ ಹಿರಿಯರೂ ಕೇಳುತ್ತಾರೆ.

ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. ತಂತಿ ಹಾರಿಸುವ ಟೇಸರ್ ಅನ್ನು ಪರವಾನಗಿ ಇಲ್ಲದೆ ಮುಟ್ಟಲೇಬೇಡಿ. ಮೈಗೆ ಒತ್ತಿ ಹಿಡಿಯುವ ಶಾಕ್ ಟಾರ್ಚ್ ಅನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ತಿರುಗಬೇಡಿ. ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಿ, ಆದರೆ ಯಾವಾಗ ಒತ್ತಬೇಕು, ಯಾವಾಗ ಒತ್ತಬಾರದು ಅನ್ನೋದು ಗೊತ್ತಿರಲಿ. ಯಾಕೆ ಅನ್ನುವುದನ್ನು ಕೆಳಗೆ ಬಿಡಿಸಿ ಬರೆದಿದ್ದೇನೆ. ನಿಮ್ಮ ಮೇಲೆ ಈಗಾಗಲೇ ಕೇಸ್ ಆಗಿದ್ದರೆ ಇದನ್ನೆಲ್ಲ ಓದುತ್ತಾ ಕೂರಬೇಡಿ, ನೇರವಾಗಿ 7ನೇ ಹಂತಕ್ಕೆ ಹೋಗಿ.

ಹಂತ 1: ಕೈಯಲ್ಲಿರುವುದು ಯಾವ ಬಗೆಯದು ಅಂತ ನೋಡಿ

ಎಲ್ಲವನ್ನೂ ಸೇರಿಸಿ ಜನ "ಸ್ಟನ್ ಗನ್" ಅನ್ನುತ್ತಾರೆ. ಕಾನೂನಿಗೆ ಮಾತ್ರ ಇವು ಬೇರೆ ಬೇರೆ.

ಮೊದಲನೆಯದು ಮುಟ್ಟಿಸುವ ಬಗೆ. ನೋಡಲು ಟಾರ್ಚ್, ಲಿಪ್‌ಸ್ಟಿಕ್ ಅಥವಾ ದೊಣ್ಣೆಯ ಹಾಗಿರುತ್ತದೆ. ತುದಿಯಲ್ಲಿ ಎರಡು ಲೋಹದ ಮೊಳೆ. ಗುಂಡಿ ಒತ್ತಿದರೆ ಎರಡರ ನಡುವೆ ನೀಲಿ ಕಿಡಿ ಚಟಚಟ ಅನ್ನುತ್ತದೆ. ಇದು ಕೆಲಸ ಮಾಡಬೇಕಾದರೆ ಎದುರಿನವನ ಮೈಗೆ ಒತ್ತಿ ಹಿಡಿಯಬೇಕು.

ಎರಡನೆಯದು ಹಾರಿಸುವ ಬಗೆ. ಟೇಸರ್ ಅನ್ನುವುದು ಇದರ ಒಂದು ಬ್ರ್ಯಾಂಡ್ ಹೆಸರು. ಪಿಸ್ತೂಲಿನ ಆಕಾರ. ಒಳಗಿನ ಒತ್ತಡದ ಗಾಳಿ ಎರಡು ಕೊಕ್ಕೆಮೊಳೆಗಳನ್ನು ಹಾರಿಸುತ್ತದೆ. ಅವುಗಳ ಹಿಂದೆ ಸಣ್ಣ ತಂತಿ ಇರುತ್ತದೆ. ಮೊಳೆಗಳು ಬಟ್ಟೆಗೋ ಚರ್ಮಕ್ಕೋ ಕಚ್ಚಿಕೊಂಡರೆ ಮಿಡಿಮಿಡಿಯಾಗಿ ಕರೆಂಟ್ ಹರಿದು ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಮನುಷ್ಯ ಕುಸಿದು ಬೀಳುತ್ತಾನೆ. ವಿದೇಶದ ಪೊಲೀಸರ ವಿಡಿಯೊಗಳಲ್ಲಿ ನೀವು ನೋಡಿರುವುದು ಇದನ್ನೇ.

ಅಂಗಡಿಯವರು ಆ ವಿಡಿಯೊ ತೋರಿಸಿ ಮೊದಲನೇ ಬಗೆಯದನ್ನು ಮಾರುತ್ತಾರೆ. ಇಲ್ಲೇ ಜನ ಮೋಸ ಹೋಗುವುದು. ಮುಟ್ಟಿಸುವ ಟಾರ್ಚ್ ನೋವು ಕೊಡುತ್ತದೆ ಅಷ್ಟೇ, ಕೆಡವುವುದಿಲ್ಲ. ದಪ್ಪ ರೇನ್‌ಕೋಟ್, ಜೀನ್ಸ್, ಕಂಬಳಿಯ ಮೇಲೆ ಒತ್ತಿದರೆ ನೋವೂ ಸರಿಯಾಗಿ ತಟ್ಟುವುದಿಲ್ಲ. ನಮ್ಮಲ್ಲಿ ವರ್ಷದಲ್ಲಿ ನಾಲ್ಕು ತಿಂಗಳು ಎಲ್ಲರೂ ರೇನ್‌ಕೋಟಿನಲ್ಲೇ ಇರುತ್ತೇವೆ ಅಲ್ವಾ? ಜೊತೆಗೆ ಒತ್ತಬೇಕಾದರೆ ಅವನ ಕೈಗೆ ನೀವು ಸಿಗುವಷ್ಟು ಹತ್ತಿರ ಇರಬೇಕು. ಕಿತ್ತುಕೊಂಡರೆ ಅದು ನಿಮ್ಮ ಮೇಲೇ ಬರುತ್ತದೆ.

ಒಬ್ಬರು ತಂದು ತೋರಿಸಿದ ಟಾರ್ಚಿನ ಡಬ್ಬದ ಮೇಲೆ "58,000 ಕೆವಿ" ಅಂತ ಅಚ್ಚಾಗಿತ್ತು. ಅಂದರೆ 5 ಕೋಟಿ 80 ಲಕ್ಷ ವೋಲ್ಟ್. ಕೈಯಲ್ಲಿ ಹಿಡಿದು ಅಳತೆ ಮಾಡಿದೆ. ಎರಡು ಮೊಳೆಗಳ ನಡುವೆ ಇದ್ದದ್ದು 2 ಸೆಂಟಿಮೀಟರ್. ಒಣ ಗಾಳಿಯಲ್ಲಿ 1 ಸೆಂಟಿಮೀಟರ್ ದೂರ ಕಿಡಿ ಹಾರಲು ಸುಮಾರು 30,000 ವೋಲ್ಟ್ ಸಾಕು. ಹಾಗಾದರೆ ಈ ಟಾರ್ಚಿನ ಮೊಳೆಗಳ ನಡುವೆ ಹೆಚ್ಚೆಂದರೆ 60,000 ವೋಲ್ಟ್. ಅದಕ್ಕಿಂತ ಮೇಲೆ ಹೋಗುವ ಮೊದಲೇ ಕಿಡಿ ಹಾರಿಬಿಡುತ್ತದೆ. ಕರಾವಳಿಯ ಉಪ್ಪುಗಾಳಿಗೆ ಅದರ ಮೊಳೆಗಳು ಆಗಲೇ ಹಸಿರು ಹಿಡಿದಿದ್ದವು. ಡಬ್ಬದ ಮೇಲಿನ ಅಂಕಿ ನೋಡಿ ಧೈರ್ಯ ತಂದುಕೊಳ್ಳಬೇಡಿ.

ಹಂತ 2: ಕಾಯ್ದೆ ಏನು ಹೇಳುತ್ತದೆ ಅಂತ ತಿಳಿದುಕೊಳ್ಳಿ

ಇದೇ ಮುಖ್ಯ ಭಾಗ. ನಿಧಾನವಾಗಿ ಓದಿ.

ನಮ್ಮಲ್ಲಿ ಆಯುಧಗಳ ಬಗ್ಗೆ ಇರುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು. ಕಾಯ್ದೆಯ 2ನೇ ಸೆಕ್ಷನ್ನಿನಲ್ಲಿ ಎರಡು ವ್ಯಾಖ್ಯೆಗಳಿವೆ.

ಒಂದು, "ಆಯುಧ". ದಾಳಿಗಾಗಲಿ ರಕ್ಷಣೆಗಾಗಲಿ ಅಂತಲೇ ಮಾಡಿದ ಯಾವುದೇ ವಸ್ತು ಆಯುಧ. ಮನೆಗೆಲಸಕ್ಕೆ, ಕೃಷಿಗೆ ಮಾತ್ರ ಅಂತ ಮಾಡಿದ ವಸ್ತುಗಳು ಇದರಲ್ಲಿ ಬರುವುದಿಲ್ಲ. ಲಾಠಿ ಮತ್ತು ಸಾಮಾನ್ಯ ಊರುಗೋಲನ್ನು ಕಾಯ್ದೆ ಹೆಸರು ಹೇಳಿಯೇ ಹೊರಗಿಟ್ಟಿದೆ. ನಿಮ್ಮ ತೋಟದ ಕತ್ತಿ, ಅಡಿಕೆ ಕೊಯ್ಯುವ ದೋಟಿ ಕೃಷಿಯ ಸಾಮಾನು. ಶಾಕ್ ಟಾರ್ಚಿಗೆ ಈ ರಿಯಾಯಿತಿ ಸಿಗುವುದಿಲ್ಲ, ಯಾಕೆಂದರೆ "ಆತ್ಮರಕ್ಷಣೆಗೆ" ಅಂತ ಅದರ ಡಬ್ಬದ ಮೇಲೇ ಬರೆದಿರುತ್ತದೆ. "ರಕ್ಷಣೆಗೆ ತಾನೇ ಇಟ್ಟುಕೊಂಡಿದ್ದು" ಅನ್ನುವ ಮಾತು ಇಲ್ಲಿ ನಿಮ್ಮನ್ನು ಉಳಿಸುವುದಿಲ್ಲ. ರಕ್ಷಣೆಗೆ ಮಾಡಿದ್ದೂ ಆಯುಧವೇ ಅಂತ ಕಾಯ್ದೆ ಹೇಳುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ.

ಎರಡು, "ಫೈರ್‌ಆರ್ಮ್", ಅಂದರೆ ಬಂದೂಕಿನ ಜಾತಿಯ ಆಯುಧ. ಸ್ಫೋಟಕದಿಂದಾಗಲಿ ಬೇರೆ ಯಾವುದೇ ಬಗೆಯ ಶಕ್ತಿಯಿಂದಾಗಲಿ ಏನನ್ನಾದರೂ ಚಿಮ್ಮಿಸುವ ಆಯುಧ ಇದು. "ಬೇರೆ ಯಾವುದೇ ಬಗೆಯ ಶಕ್ತಿ" ಅನ್ನುವ ಮಾತನ್ನು ಗಮನಿಸಿ. ಮದ್ದು ಇರಲೇಬೇಕು ಅಂತಿಲ್ಲ, ಗಾಳಿಯ ಒತ್ತಡವೂ ಸಾಕು. ಟೇಸರ್ ಗಾಳಿಯ ಒತ್ತಡದಿಂದ ಮೊಳೆ ಹಾರಿಸುತ್ತದೆ. ಹಾಗಾಗಿ ಅದನ್ನು ಬಂದೂಕಿನ ಲೆಕ್ಕದಲ್ಲೇ ಇಟ್ಟುಕೊಳ್ಳಿ. 3ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಬಂದೂಕು ಪಡೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಒಯ್ಯುವಂತಿಲ್ಲ. 2019ರ ತಿದ್ದುಪಡಿಯ ನಂತರ ಈ ತಪ್ಪಿಗೆ 25ನೇ ಸೆಕ್ಷನ್ನಿನಲ್ಲಿ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು, ಮೇಲೆ ದಂಡ.

ಹಾಗಾದರೆ ಏನನ್ನೂ ಹಾರಿಸದ ಶಾಕ್ ಟಾರ್ಚ್? ಅಂಗಡಿಯವರ ವಾದ ಇಲ್ಲಿಂದಲೇ ಶುರು. "ಇದು ಬಂದೂಕಲ್ಲ, ಲೈಸೆನ್ಸ್ ಬೇಡ" ಅನ್ನುತ್ತಾರೆ. ಬಂದೂಕಲ್ಲ ಅನ್ನುವುದು ಸರಿ. ಆದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. 4ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಬಂದೂಕಲ್ಲದ ಆಯುಧಕ್ಕೂ ಪರವಾನಗಿ ಬೇಕು ಅನ್ನಬಹುದು. 19ನೇ ಸೆಕ್ಷನ್ ಪ್ರಕಾರ ಯಾವುದೇ ಆಯುಧ ಒಯ್ಯುವವರನ್ನು ನಿಲ್ಲಿಸಿ ಪೊಲೀಸರು ಪರವಾನಗಿ ಕೇಳಬಹುದು. 20ನೇ ಸೆಕ್ಷನ್ ಇನ್ನೂ ಬಿಗಿ. ಪರವಾನಗಿ ಇರಲಿ ಬಿಡಲಿ, ಕೆಟ್ಟ ಉದ್ದೇಶಕ್ಕೆ ಒಯ್ಯುತ್ತಿದ್ದಾರೆ ಅಂತ ಅನುಮಾನಕ್ಕೆ ಕಾರಣವಿದ್ದರೆ ವಾರಂಟ್ ಇಲ್ಲದೆಯೇ ಬಂಧಿಸಿ ಆಯುಧ ವಶಪಡಿಸಿಕೊಳ್ಳಬಹುದು. ರಾತ್ರಿ 11ಕ್ಕೆ ರಸ್ತೆ ಬದಿ ನಿಂತ ಹುಡುಗನ ಬೈಕಿನ ಡಿಕ್ಕಿಯಲ್ಲಿ ಶಾಕ್ ಟಾರ್ಚ್ ಸಿಕ್ಕರೆ ಅನುಮಾನ ಬರಲು ಜಾಸ್ತಿ ಹೊತ್ತು ಬೇಡ.

ಇದರ ಮೇಲೆ ನಮ್ಮ ರಾಜ್ಯದ ಕಾಯ್ದೆ ಬೇರೆ ಇದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ನಮ್ಮ ಡಿಸಿ, ಗಲಾಟೆ ತಡೆಯಲು ಆದೇಶ ಹೊರಡಿಸಬಹುದು. ಅಂಥ ಆದೇಶ ಇರುವ ದಿನಗಳಲ್ಲಿ ದೊಣ್ಣೆ, ಚಾಕು, ಲಾಠಿ, ಮೈಗೆ ಹಾನಿ ಮಾಡಬಲ್ಲ ಯಾವ ವಸ್ತುವನ್ನೂ ಹಿಡಿದು ತಿರುಗುವಂತಿಲ್ಲ. ಶಸ್ತ್ರಾಸ್ತ್ರ ಕಾಯ್ದೆ ಬಿಟ್ಟುಕೊಟ್ಟ ಲಾಠಿಯೂ ಆಗ ನಿಷಿದ್ಧ. ಚುನಾವಣೆ, ಬಂದ್, ಗಲಭೆಯ ಸಮಯದಲ್ಲಿ ಇಂಥ ಆದೇಶಗಳು ಬರುತ್ತವೆ. ಮಲೆನಾಡಿನ ರೈತರಿಗೆ ಇದು ಹೊಸದಲ್ಲ. ಪರವಾನಗಿ ಇರುವ ಬೆಳೆ ರಕ್ಷಣೆಯ ಕೋವಿಯನ್ನೂ ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರುತ್ತೇವೆ.

ಎಲ್ಲ ಸೇರಿಸಿ ನನ್ನ ಅಭಿಪ್ರಾಯ ಇಷ್ಟು: ಶಾಕ್ ಟಾರ್ಚ್ ಪರವಾಗಿ ಕೋರ್ಟಿನಲ್ಲಿ ವಾದ ಮಾಡಬಹುದು. ಆದರೆ ನಿಮಗೆ ಬೇಕಾಗಿರುವುದು ಸುರಕ್ಷಿತವಾಗಿ ಮನೆ ಸೇರುವುದು. ಐದು ವರ್ಷ ಕೋರ್ಟಿಗೆ ಅಲೆದು ಗೆಲ್ಲುವ ವಾದ ಯಾರಿಗೆ ಬೇಕು?

ಹಂತ 3: ಖರೀದಿ ಮಾಡುವ ಮೊದಲು ಇಷ್ಟು ನೋಡಿ

"ಆನ್‌ಲೈನಿನಲ್ಲಿ ಮಾರುತ್ತಾರೆ ಅಂದಮೇಲೆ ಕಾನೂನುಬದ್ಧವೇ ಇರಬೇಕು" ಅನ್ನುವುದು ತಪ್ಪು ಲೆಕ್ಕ. ಪಾರ್ಸೆಲ್ ನಿಮ್ಮ ಹೆಸರಿಗೆ, ನಿಮ್ಮ ಮೊಬೈಲ್ ನಂಬರಿಗೆ ಬರುತ್ತದೆ. ಮಾರಿದವನು ಯಾವ ಊರಿನವನೋ.

ದುಬೈ, ಮಸ್ಕತ್‌ನಲ್ಲಿರುವ ಅಣ್ಣನಿಗೋ ಭಾವನಿಗೋ ಹೇಳಿ ತರಿಸುವುದು ನಮ್ಮ ಕರಾವಳಿಯಲ್ಲಿ ರೂಢಿ. ಇದನ್ನು ಮಾತ್ರ ತರಿಸಬೇಡಿ. ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಹೊರದೇಶದಿಂದ ಆಯುಧ ತರಲು ಪರವಾನಗಿ ಬೇಕು. ಇಲ್ಲದಿದ್ದರೆ ಕಸ್ಟಮ್ಸ್‌ನವರು ಹಿಡಿಯುತ್ತಾರೆ. ಸಿಕ್ಕಿಬೀಳುವುದು ನಿಮ್ಮ ಭಾವ, ನೀವಲ್ಲ. ವಿಮಾನದ ನಿಯಮವೂ ಕಠಿಣ. ಲಿಥಿಯಂ ಬ್ಯಾಟರಿ ಅಥವಾ ಒತ್ತಡದ ಗಾಳಿ ಇರುವ ಶಾಕ್ ಆಯುಧವನ್ನು ಕೈಚೀಲದಲ್ಲೂ ಒಯ್ಯುವಂತಿಲ್ಲ, ಲಗೇಜಿನಲ್ಲೂ ಹಾಕುವಂತಿಲ್ಲ. ಪೆಪ್ಪರ್ ಸ್ಪ್ರೇಗೂ ಅದೇ ನಿಯಮ. ದಾಬೋಲಿಂ, ಮೋಪಾ, ಹುಬ್ಬಳ್ಳಿ, ಮಂಗಳೂರು, ಎಲ್ಲಿಂದ ಹತ್ತಿದರೂ ಅಷ್ಟೇ. ಮಗಳ ಬ್ಯಾಗ್ ತುಂಬುವಾಗ ಮರೆಯಬೇಡಿ.

ಗೋವಾಕ್ಕೆ ಬಸ್ಸಿನಲ್ಲಿ ಹೋಗಿಬರುವವರಿಗೆ ಮಾಜಾಳಿ ಚೆಕ್‌ಪೋಸ್ಟ್ ಗೊತ್ತೇ ಇದೆ. ಅಲ್ಲಿ ಬ್ಯಾಗ್ ಬಿಚ್ಚಿಸುವುದು ಮದ್ಯಕ್ಕಾಗಿ. ಸಿಗುವುದು ಬೇರೆಯೂ ಇರಬಹುದು. ಕೈಗಾ ಸ್ಥಾವರ, ಕದಂಬ ನೌಕಾನೆಲೆಯ ಗೇಟು ದಾಟಿ ಕೆಲಸಕ್ಕೆ ಹೋಗುವವರು ಇಂಥದ್ದನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳುವ ಯೋಚನೆಯನ್ನೇ ಬಿಡಿ. ಅಲ್ಲಿ ಸಿಕ್ಕರೆ ಕೆಲಸಕ್ಕೇ ಕುತ್ತು.

"ಅಮೆರಿಕದಲ್ಲಿ ಎಲ್ಲರೂ ಇಟ್ಟುಕೊಳ್ಳುತ್ತಾರಲ್ಲ?" ಅಂತ ಕೇಳುತ್ತಾರೆ. ಹೌದು, ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ಇಟ್ಟುಕೊಳ್ಳಬಹುದು. ಮ್ಯಾಸಚೂಸೆಟ್ಸ್‌ನಲ್ಲಿ ಸ್ಟನ್ ಗನ್ ಇಟ್ಟುಕೊಂಡಿದ್ದ ಹೆಣ್ಣುಮಗಳೊಬ್ಬಳಿಗೆ ಶಿಕ್ಷೆಯಾಗಿತ್ತು. 2016ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಆದರೆ ಬ್ರಿಟನ್ನಿನಲ್ಲಿ 1968ರ ಕಾಯ್ದೆಯ ಪ್ರಕಾರ ಸ್ಟನ್ ಗನ್ ಮಾತ್ರವಲ್ಲ, ಪೆಪ್ಪರ್ ಸ್ಪ್ರೇ ಕೂಡ ನಿಷಿದ್ಧ. ಓದಲು ಅಲ್ಲಿಗೆ ಹೋಗುವ ಮಕ್ಕಳಿಗೆ ಇದನ್ನು ಹೇಳಿ ಕಳಿಸಿ.

ಹಂತ 4: ಈಗಾಗಲೇ ಮನೆಯಲ್ಲಿದ್ದರೆ

ಹೆದರಿ ಕಾಳಿ ನದಿಗೆ ಎಸೆಯಬೇಡಿ. ಪಕ್ಕದ ಮನೆಯವರಿಗೆ ಕೊಡಬೇಡಿ. ಹಳೆ ಸಾಮಾನು ಮಾರುವ ಆ್ಯಪ್‌ನಲ್ಲಿ ಹಾಕಬೇಡಿ, ಮಾರಾಟ ಅಂದಮೇಲೆ ಅದಕ್ಕೆ ಬೇರೆಯೇ ಸೆಕ್ಷನ್ ಬೀಳುತ್ತದೆ.

ಮುಟ್ಟಿಸುವ ಟಾರ್ಚ್ ಆದರೆ ಹೊರಗೆ ಒಯ್ಯುವುದನ್ನು ಇವತ್ತೇ ನಿಲ್ಲಿಸಿ. ಮಕ್ಕಳ ಕೈಗೆ ಸಿಗದಂತೆ ಇಡಿ. ಗ್ಯಾಸ್ ಒಲೆ, ದೋಣಿಯ ಪೆಟ್ರೋಲ್, ಸೀಮೆಎಣ್ಣೆ ಕ್ಯಾನ್ ಹತ್ತಿರ ಗುಂಡಿ ಒತ್ತಿ ನೋಡಬೇಡಿ, ಆ ಕಿಡಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಬೀದಿನಾಯಿ ಓಡಿಸಲೂ ಬಳಸಬೇಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ.

ಹಾರಿಸುವ ಟೇಸರ್ ಆದರೆ ಒಬ್ಬ ವಕೀಲರನ್ನು ಕಂಡು, ಅವರ ಜೊತೆಗೇ ಠಾಣೆಗೆ ಹೋಗಿ ಒಪ್ಪಿಸಿ. ಒಂದು ಪತ್ರ ಬರೆಯಿರಿ: ಯಾವಾಗ ಬಂತು, ಹೇಗೆ ಬಂತು, ಬಳಸಿಲ್ಲ, ಕಾನೂನು ಗೊತ್ತಾದ ಕೂಡಲೇ ತಂದು ಒಪ್ಪಿಸುತ್ತಿದ್ದೇನೆ. ಪತ್ರದ ನಕಲಿನ ಮೇಲೆ ಠಾಣೆಯ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಆ ನಕಲನ್ನು ಜೋಪಾನವಾಗಿ ಇಡಿ. "ಮೊದಲು ತಗೊಂಡು ಆಮೇಲೆ ಲೈಸೆನ್ಸ್‌ಗೆ ಅರ್ಜಿ ಹಾಕೋಣ" ಅನ್ನುವ ದಾರಿ ಇಲ್ಲ. ಪರವಾನಗಿ ಮೊದಲು, ಆಯುಧ ಆಮೇಲೆ. ಅರ್ಜಿಗೆ 21 ವರ್ಷ ತುಂಬಿರಬೇಕು. ಫಾರಂ ಎ-1 ತುಂಬಿ ಕಾರವಾರದ ಡಿಸಿ ಕಚೇರಿಗೆ ಕೊಡಬೇಕು. ಪೊಲೀಸ್ ವರದಿ ಆಗಬೇಕು. ನಡುವೆ ಯಾರಾದರೂ ದುಡ್ಡು ತಗೊಂಡು "ಟೇಸರ್ ಲೈಸೆನ್ಸ್ ಮಾಡಿಸಿಕೊಡ್ತೇನೆ" ಅಂದರೆ ನಂಬಬೇಡಿ.

ಹಂತ 5: ಅನುಮಾನ ಇದ್ದರೆ ಬಾಯಿಮಾತು ಬೇಡ, ಕಾಗದದಲ್ಲಿ ಕೇಳಿ

ಠಾಣೆಯಲ್ಲಿ ಪರಿಚಯದವರು "ಏನಾಗೋದಿಲ್ಲ, ಇಟ್ಕೊಳ್ಳಿ" ಅಂದಿರಬಹುದು. ನಾಳೆ ಬೇರೆ ಊರಿನ ಪೊಲೀಸರ ಮುಂದೆ ಆ ಮಾತು ನಡೆಯುವುದಿಲ್ಲ.

ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. 30 ದಿನದಲ್ಲಿ ಉತ್ತರ ಕೊಡಬೇಕು. ಇಲ್ಲಿ ಒಂದು ಎಚ್ಚರಿಕೆ. "ಶಾಕ್ ಟಾರ್ಚ್ ಇಟ್ಟುಕೊಳ್ಳಬಹುದೇ?" ಅಂತ ಕೇಳಿದರೆ "ಅಭಿಪ್ರಾಯ ಕೊಡಲು ಬರುವುದಿಲ್ಲ" ಅಂತ ಅರ್ಜಿ ವಾಪಸ್ ಬರುತ್ತದೆ. ಮಾಹಿತಿ ಹಕ್ಕಿನಲ್ಲಿ ಸಿಗುವುದು ಕಡತದಲ್ಲಿ ಇರುವ ದಾಖಲೆ ಮಾತ್ರ. ಹೀಗೆ ಬರೆಯಿರಿ: "ವಿದ್ಯುತ್ ಆಘಾತ ನೀಡುವ ಸಾಧನಗಳ ಪರವಾನಗಿ, ಮಾರಾಟ ಅಥವಾ ನಿಷೇಧದ ಬಗ್ಗೆ ನಿಮ್ಮ ಕಚೇರಿಯಲ್ಲಿ ಇರುವ ಅಧಿಸೂಚನೆ, ಸುತ್ತೋಲೆ ಮತ್ತು ಆದೇಶಗಳ ಪ್ರತಿ ಕೊಡಿ." ಇದನ್ನು ಡಿಸಿ ಕಚೇರಿಯ ಮಾಹಿತಿ ಅಧಿಕಾರಿಗೆ ಕಳಿಸಿ. ಇನ್ನೊಂದನ್ನು ಕೇಂದ್ರ ಗೃಹ ಸಚಿವಾಲಯಕ್ಕೆ ಕಳಿಸಿ, ಶಸ್ತ್ರಾಸ್ತ್ರ ನಿಯಮ ಮಾಡುವವರು ಅವರೇ.

ಹಂತ 6: ಇಟ್ಟುಕೊಳ್ಳಬಹುದಾದದ್ದನ್ನು ಸರಿಯಾಗಿ ಇಟ್ಟುಕೊಳ್ಳಿ

ಪೆಪ್ಪರ್ ಸ್ಪ್ರೇ ಅಂದರೆ ಮೆಣಸಿನ ಖಾರದ ಸಾರವನ್ನು ಡಬ್ಬಿಯಲ್ಲಿ ತುಂಬಿ ಚಿಮ್ಮಿಸುವ ಸಾಧನ. ಅಂಗಡಿಯಲ್ಲಿ ಬಿಲ್ ಕೊಟ್ಟು ಮಾರುತ್ತಾರೆ. ಬಿಲ್ ಇಟ್ಟುಕೊಳ್ಳಿ. ಅವಧಿ ಮುಗಿಯುವ ತಾರೀಕು ನೋಡಿ, ಹಳತಾದರೆ ಒಳಗಿನ ಒತ್ತಡ ಇಳಿದುಹೋಗಿರುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಸ್ಕೂಟಿಯ ಡಿಕ್ಕಿಯಲ್ಲಿ ಬಿಡಬೇಡಿ. ಬ್ಯಾಗಿನ ತಳದಲ್ಲಿ ಹಾಕಿದರೂ ಪ್ರಯೋಜನ ಇಲ್ಲ. ಕತ್ತಲೆಯಲ್ಲೂ ಒಂದೇ ಕೈಗೆ ಸಿಗುವ ಹೊರಗಿನ ಜೇಬಿನಲ್ಲಿರಲಿ. ಬಯಲಿನಲ್ಲಿ ಒಮ್ಮೆ ಒತ್ತಿ ಅಭ್ಯಾಸ ಮಾಡಿ, ಯಾವ ಕಡೆಗೆ ತೂತಿದೆ ಅಂತ ಬೆರಳಿಗೆ ಗೊತ್ತಿರಬೇಕು.

ನಮ್ಮ ಕರಾವಳಿಯಲ್ಲಿ ಗಾಳಿಯ ಲೆಕ್ಕ ಬಹಳ ಮುಖ್ಯ. ಹಗಲು ಮತ್ತು ಸಂಜೆ ಗಾಳಿ ಕಡಲಿನಿಂದ ನೆಲದ ಕಡೆ ಬೀಸುತ್ತದೆ. ರಾತ್ರಿ ಹೊತ್ತಾದ ಮೇಲೆ ನೆಲದಿಂದ ಕಡಲಿಗೆ ತಿರುಗುತ್ತದೆ. ಸಂಜೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನೀವು ಅಲೆಗಳ ಕಡೆ ಮುಖ ಮಾಡಿ ಒತ್ತಿದರೆ ಖಾರ ಪೂರ್ತಿ ನಿಮ್ಮ ಕಣ್ಣಿಗೇ ವಾಪಸ್. ಗಾಳಿ ನಿಮ್ಮ ಬೆನ್ನಿಗಿರಲಿ. ಮಂಜಿನ ಹಾಗೆ ಹರಡುವುದಕ್ಕಿಂತ ನೀರಿನ ಎಳೆಯ ಹಾಗೆ ಚಿಮ್ಮುವ ಬಗೆಯದು ನಮ್ಮ ಕಡೆಗೆ ಒಳ್ಳೆಯದು. ಬಸ್ಸಿನೊಳಗೆ, ರಿಕ್ಷಾದೊಳಗೆ ಒತ್ತಿದರೆ ನಿಮಗೂ ತಾಗುತ್ತದೆ. ನಿಮ್ಮ ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ತಣ್ಣೀರಿನಿಂದ ತುಂಬಾ ಹೊತ್ತು ತೊಳೆಯಿರಿ.

ಎರಡನೆಯದು ಫೋನ್. ಎಲ್ಲ ತುರ್ತಿಗೂ 112. ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗ ಬೇಗ ಮೂರು ಸಲ ಒತ್ತಿದರೆ, ಗುಂಡಿಯ ಫೋನಿನಲ್ಲಿ 5 ಅಥವಾ 9 ಅನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗುವ ವ್ಯವಸ್ಥೆ ಇದೆ. ಎಲ್ಲ ಫೋನಿನಲ್ಲೂ ಒಂದೇ ರೀತಿ ಇರುವುದಿಲ್ಲ. ಇವತ್ತೇ ಸೆಟ್ಟಿಂಗ್ಸ್‌ನಲ್ಲಿ ತುರ್ತು ವಿಭಾಗ ತೆರೆದು ನಿಮ್ಮದರಲ್ಲಿ ಹೇಗೆ ಅಂತ ನೋಡಿ, ಮನೆಯವರ ನಂಬರ್ ಸೇರಿಸಿ. ರೈಲಿನಲ್ಲಿ 139. ಹೆಣ್ಣುಮಕ್ಕಳಿಗೆ 181 ಕೂಡ ಇದೆ.

ದೇವಿಮನೆ ಘಟ್ಟ, ಅರಬೈಲು ಘಟ್ಟ, ಅಣಶಿಯ ರಸ್ತೆಗಳಲ್ಲಿ ಮೈಲುಗಟ್ಟಲೆ ನೆಟ್‌ವರ್ಕ್ ಇರುವುದಿಲ್ಲ. ಆ ದಾರಿಯಲ್ಲಿ ಹೋಗುವವರು ಘಟ್ಟ ಹತ್ತುವ ಮೊದಲೇ ಗಾಡಿ ನಂಬರ್ ಮತ್ತು ತಲುಪುವ ಹೊತ್ತನ್ನು ಮನೆಗೆ ಮೆಸೇಜ್ ಮಾಡಿ. ಅಷ್ಟು ಹೊತ್ತಿಗೆ ಫೋನ್ ಬರದಿದ್ದರೆ ಯಾರು ಯಾರಿಗೆ ಹೇಳಬೇಕು ಅಂತ ಮನೆಯಲ್ಲಿ ಮಾತಾಡಿಕೊಂಡಿರಿ. ಸಿಗ್ನಲ್ ಇಲ್ಲದ ಕಡೆ ಒಂದು ಲೋಹದ ಸೀಟಿ ಯಾವ ಆ್ಯಪ್‌ಗಿಂತಲೂ ಮೇಲು. ಮಳೆಯಲ್ಲೂ ಕೂಗುತ್ತದೆ, ಚಾರ್ಜ್ ಬೇಡ, ಯಾವ ಗೇಟಿನಲ್ಲೂ ಹಿಡಿಯುವುದಿಲ್ಲ. ಒಳ್ಳೆಯ ಬೆಳಕಿನ ಬ್ಯಾಟರಿಯೂ ಇರಲಿ, ಕರೆಂಟ್ ಹೊಡೆಯದ ಸಾದಾ ಬ್ಯಾಟರಿ.

*ಬಳಸುವ ಹಕ್ಕು ಎಲ್ಲಿಯವರೆಗೆ?* 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ. ಹಕ್ಕು ಗಟ್ಟಿಯಾಗಿಯೇ ಇದೆ. ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿ, ಜೀವಕ್ಕೆ ಅಪಾಯ ಇಂಥ ಸಂದರ್ಭಗಳಲ್ಲಿ ಎದುರಿನವನ ಪ್ರಾಣ ಹೋದರೂ 38ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ. ಪೆಟ್ಟಿಗೆ ಪೆಟ್ಟು ತಕ್ಕಡಿಯಲ್ಲಿ ತೂಗಿ ಹೊಡೆಯಬೇಕು ಅಂತ ನಿರೀಕ್ಷಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಮಿತಿ ಎರಡು. ಅಗತ್ಯಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಅಪಾಯ ಕಳೆದ ಮೇಲೆ ಹಕ್ಕೂ ಮುಗಿಯಿತು. ಅವನು ಓಡಿದ ಮೇಲೆ ಅಟ್ಟಿಸಿಕೊಂಡು ಹೋಗಿ ಒತ್ತಿದರೆ ಅದು ಹಲ್ಲೆ. ಇನ್ನೊಂದು ಮಾತು: ಆತ್ಮರಕ್ಷಣೆಗೆ ಮಾಡಿದ್ದು ಅಂತ ತೋರಿಸುವ ಹೊಣೆ ನಿಮ್ಮದೇ.

2024ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಪೆಪ್ಪರ್ ಸ್ಪ್ರೇಯನ್ನೇ ಅಪಾಯಕಾರಿ ಆಯುಧ ಅಂದಿತು. ಜಗಳದಲ್ಲಿ ಸೆಕ್ಯುರಿಟಿಯವರ ಮೇಲೆ ಸ್ಪ್ರೇ ಮಾಡಿದವರು ಆತ್ಮರಕ್ಷಣೆ ಅಂತ ಹೇಳಿ ಕೇಸ್ ರದ್ದು ಕೇಳಿದ್ದರು. ಜೀವಕ್ಕೆ ತಕ್ಷಣದ ಅಪಾಯ ಇರಲಿಲ್ಲ, ತನಿಖೆ ನಡೆಯಲಿ ಅಂತ ಕೋರ್ಟ್ ರದ್ದು ಮಾಡಲು ಒಪ್ಪಲಿಲ್ಲ. ಇದರಿಂದ ಸ್ಪ್ರೇ ಇಟ್ಟುಕೊಳ್ಳುವುದೇ ನಿಷೇಧ ಆಗಲಿಲ್ಲ. ಬಸ್ ಸೀಟಿನ ಜಗಳ, ಪಾರ್ಕಿಂಗ್ ಜಗಳ, ಗಡಿ ಬೇಲಿಯ ಜಗಳಕ್ಕೆ ಅದನ್ನು ತೆಗೆಯಬೇಡಿ ಅಂತ ಅರ್ಥ. ಅಪಾಯಕಾರಿ ಆಯುಧದಿಂದ ಗಾಯ ಮಾಡಿದರೆ ನ್ಯಾಯ ಸಂಹಿತೆಯ 118ನೇ ಸೆಕ್ಷನ್ನಿನಲ್ಲಿ 3 ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಖಾರದ ಸ್ಪ್ರೇಗೇ ಈ ಮಾತಾದರೆ ಶಾಕ್ ಟಾರ್ಚಿಗೆ ಕೋರ್ಟ್ ಏನು ಹೇಳೀತು ಅಂತ ಯೋಚಿಸಿ.

ಹಂತ 7: ಘಟನೆ ನಡೆದ ಮೇಲೆ, ಅಥವಾ ಪೊಲೀಸರು ಹಿಡಿದರೆ

ಸ್ಪ್ರೇ ಬಳಸಿ ತಪ್ಪಿಸಿಕೊಂಡಿರಾ? ಜನ ಇರುವ ಕಡೆ ಓಡಿ, 112ಕ್ಕೆ ನೀವೇ ಮೊದಲು ಕರೆ ಮಾಡಿ. "ಆದದ್ದು ಆಯಿತು, ಸುಮ್ನೆ ಯಾಕೆ ರಗಳೆ" ಅಂತ ಮನೆಗೆ ಹೋಗಿ ಮಲಗಬೇಡಿ. ಅವನು ಮೊದಲು ಠಾಣೆಗೆ ಹೋದರೆ ಕಾಗದದಲ್ಲಿ ನೀವೇ ಆರೋಪಿ. ಸರ್ಕಾರಿ ಆಸ್ಪತ್ರೆಗೆ ಹೋಗಿ ಗೀರು, ಬಾವು, ಹರಿದ ಬಟ್ಟೆ ಎಲ್ಲವನ್ನೂ ದಾಖಲು ಮಾಡಿಸಿ. ಬಟ್ಟೆ ಒಗೆಯಬೇಡಿ. ಹತ್ತಿರದ ಅಂಗಡಿಯ ಸಿಸಿಟಿವಿ ಇದ್ದರೆ ಪೊಲೀಸರಿಗೆ ಅದೇ ದಿನ ಹೇಳಿ, ದಿನ ಕಳೆದರೆ ಅಳಿಸಿಹೋಗುತ್ತದೆ. ಘಟನೆ ಕುಮಟಾದಲ್ಲಿ ಆಗಿ ನೀವು ಶಿರಸಿ ತಲುಪಿಬಿಟ್ಟಿದ್ದರೆ ಶಿರಸಿ ಠಾಣೆಯಲ್ಲೇ ದೂರು ಕೊಡಬಹುದು. ಇದಕ್ಕೆ ಝೀರೋ ಎಫ್‌ಐಆರ್ ಅನ್ನುತ್ತಾರೆ. ಅವರು ಬರೆದುಕೊಂಡು ಕುಮಟಾಕ್ಕೆ ಕಳಿಸಬೇಕು.

ಶಾಕ್ ಟಾರ್ಚ್ ಇಟ್ಟುಕೊಂಡು ಸಿಕ್ಕಿಬಿದ್ದಿದ್ದರೆ ವಾದ ಮಾಡಬೇಡಿ, ಓಡಬೇಡಿ, "ಹೇಗೆ ಕೆಲಸ ಮಾಡ್ತದೆ ನೋಡಿ" ಅಂತ ಗುಂಡಿ ಒತ್ತಿ ತೋರಿಸಬೇಡಿ. ವಶಪಡಿಸಿಕೊಂಡದ್ದಕ್ಕೆ ಪಂಚನಾಮೆ ಆಗಬೇಕು, ಅಂದರೆ ಏನು ಸಿಕ್ಕಿತು, ಎಲ್ಲಿ ಸಿಕ್ಕಿತು ಅನ್ನುವುದನ್ನು ಸಾಕ್ಷಿಗಳ ಎದುರು ಬರೆಯಬೇಕು. ಹೊಸ ಕಾನೂನಿನಲ್ಲಿ ಇದರ ವಿಡಿಯೊವನ್ನೂ ಮಾಡಬೇಕು. ಖಾಲಿ ಹಾಳೆಗೆ ಸಹಿ ಹಾಕಬೇಡಿ. ಬಂಧಿಸಿದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಹೆಣ್ಣುಮಕ್ಕಳನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವಂತಿಲ್ಲ. ತೀರಾ ವಿಶೇಷ ಸಂದರ್ಭದಲ್ಲಿ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟ್ ಅನುಮತಿ ಪಡೆದು ಮಾತ್ರ ಬಂಧಿಸಬಹುದು. 7 ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಬಂಧಿಸದೆ ನೋಟಿಸ್ ಕೊಟ್ಟು ಕರೆಸುವ ದಾರಿಯೂ ಇದೆ. ನೋಟಿಸ್ ಬಂದರೆ ಹೇಳಿದ ದಿನ ತಪ್ಪಿಸದೆ ಹೋಗಿ, ತಪ್ಪಿಸಿದರೆ ಬಂಧಿಸಲು ನೀವೇ ಕಾರಣ ಕೊಟ್ಟಂತೆ.

ವಕೀಲರಿಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಬಂಧನದಲ್ಲಿ ಇರುವವರಿಗೂ ಸಿಗುತ್ತಾರೆ. ಜಿಲ್ಲಾ ಪ್ರಾಧಿಕಾರದ ಕಚೇರಿ ಕಾರವಾರದಲ್ಲಿದೆ. ತಾಲೂಕಿನವರು ಅಲ್ಲಿಯವರೆಗೆ ಹೋಗಬೇಕಿಲ್ಲ, ನಿಮ್ಮೂರಿನ ಕೋರ್ಟಿನಲ್ಲಿ ತಾಲೂಕು ಸಮಿತಿಯನ್ನು ಕೇಳಿ. ಸಹಾಯವಾಣಿ 15100.

112, 181, 139, 15100 ಮತ್ತು ಮನೆಯ ಇಬ್ಬರ ನಂಬರನ್ನು ಒಂದು ಚೀಟಿಯಲ್ಲಿ ಬರೆದು, ಮಳೆಗೆ ಒದ್ದೆಯಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸೀಟಿಯ ಜೊತೆಗೆ ಮಗಳ ಬ್ಯಾಗಿನ ಹೊರಜೇಬಿನಲ್ಲಿ ಹಾಕಿಡಿ. ಫೋನ್ ಕಳೆದ ದಿನ ಮನೆಯವರ ನಂಬರೂ ಬಾಯಿಗೆ ಬರುವುದಿಲ್ಲ.